ಮೈಸೂರಿನ ಬಾಣಗಳ ವ್ಯಾಪ್ತಿ: ದಾಖಲೆ ಮತ್ತು ಲೆಕ್ಕ

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದಲ್ಲಿದ್ದ ಬಾಣಗಳು, ಎಂದರೆ ಕಬ್ಬಿಣದ ಕೊಳವೆಯ ರಾಕೆಟ್ಟುಗಳು, ಎಷ್ಟು ದೂರ ಹಾರುತ್ತಿದ್ದವೆಂಬ ವಿಷಯದಲ್ಲಿ ನಮ್ಮ ಗ್ರಂಥಗಳಲ್ಲಿ ಒಮ್ಮತವಿಲ್ಲ. ಸಾವಿರ ಗಜವೆಂದು ಕೆಲವರು ಬರೆದರೆ, ಎರಡು ಕಿಲೋಮೀಟರೆಂದು ಬರೆದವರೂ ಉಂಟು. ಅಭಿಮಾನದಿಂದ ಬರೆಯುವವರು ದೊಡ್ಡ ಸಂಖ್ಯೆಯನ್ನೂ ಸಂಶಯದಿಂದ ಬರೆಯುವವರು ಸಣ್ಣ ಸಂಖ್ಯೆಯನ್ನೂ ಆಯ್ದುಕೊಳ್ಳುವುದು ವಾಡಿಕೆಯಾಗಿದೆ. ಈ ವಿವಾದವನ್ನು ಲೆಕ್ಕಕ್ಕೆ ಒಪ್ಪಿಸಬಹುದೇ ಎಂಬುದನ್ನು ಇಲ್ಲಿ ವಿವೇಚಿಸಬಯಸುತ್ತೇವೆ.

ಇದಕ್ಕೆ ಬೇಕಾದ ವಿಧಾನವು ಇತಿಹಾಸಕಾರರಲ್ಲಿಲ್ಲ. ಕೋವಿಯ ತೋಟಾಗಳನ್ನು ತಾವೇ ತುಂಬಿಕೊಳ್ಳುವ ಗುರಿಕಾರರಲ್ಲಿದೆ. ಅಮೆರಿಕ, ಯುರೋಪುಗಳಲ್ಲಿ ಈ ಹವ್ಯಾಸವುಳ್ಳವರು ಇಂದು ಗಣಕಯಂತ್ರದ ತಂತ್ರಾಂಶಗಳನ್ನು ಬಳಸುತ್ತಾರೆ. ಗುಂಡಿನ ತೂಕ, ತೋಟಾದ ಒಳಗಿನ ಅವಕಾಶ, ಮದ್ದಿನ ಪ್ರಮಾಣ, ಅದು ಉರಿಯುವ ವೇಗ, ನಳಿಗೆಯ ಉದ್ದ ಇವನ್ನು ಒದಗಿಸಿದರೆ, ಒಳಗೆ ಏಳುವ ಒತ್ತಡವನ್ನೂ ಗುಂಡು ಹೊರಬೀಳುವ ವೇಗವನ್ನೂ ಒಂದು ಲೆಕ್ಕವು ತಿಳಿಸುತ್ತದೆ. ಆ ವೇಗವನ್ನು ಹಿಡಿದು, ಗುಂಡಿನ ಆಕಾರ, ಹಾರಿಸುವ ಕೋನ, ಗಾಳಿಯ ಸಾಂದ್ರತೆ ಇವುಗಳಿಂದ ಅದು ಸಾಗುವ ದಾರಿಯನ್ನು ಮತ್ತೊಂದು ಲೆಕ್ಕವು ತಿಳಿಸುತ್ತದೆ. ಬಲ್ಲವನು ಇಷ್ಟಕ್ಕೇ ತೃಪ್ತನಾಗದೆ, ವೇಗಮಾಪಕವನ್ನಿಟ್ಟು ಹಾರಿಸಿ ಲೆಕ್ಕವನ್ನು ತಿದ್ದುತ್ತಾನೆ. ಒತ್ತಡದ ಅಂದಾಜು ತಪ್ಪಿದರೆ ಸಿಡಿಯುವುದು ಅವನ ಕೆನ್ನೆಗೆ ತಾಗಿದ ಕೋವಿಯೇ ಅಲ್ಲವೆ!

ಈ ಲೆಕ್ಕಕ್ಕೆ ಬುನಾದಿ ಹಾಕಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಬಿಟ್ಟ ಲೋಲಕಕ್ಕೆ ಗುಂಡು ಹೊಡೆದು, ಅದು ಓಲಾಡಿದ ಅಳತೆಯಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಉಪಾಯವನ್ನು ಅವನು 1742ರ ತನ್ನ ಗ್ರಂಥದಲ್ಲಿ ವಿವರಿಸಿದನು. ಗಾಳಿಯ ಪ್ರತಿರೋಧವು ಹಿಂದಿನವರು ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂಬುದು ಅದರಿಂದ ತಿಳಿದುಬಂದಿತು. ಮಹಾಗಣಿತಜ್ಞ ಆಯ್ಲರನು 1745ರಲ್ಲಿ ಆ ಗ್ರಂಥವನ್ನು ಜರ್ಮನ್ ಭಾಷೆಗೆ ತಂದು, ವಿಸ್ತಾರವಾದ ವ್ಯಾಖ್ಯಾನವನ್ನು ಸೇರಿಸಿದನು. ರಾಬಿನ್ಸನು 1749ರಲ್ಲಿ ರಾಕೆಟ್ಟುಗಳು ಏರುವ ಎತ್ತರವನ್ನು ಕುರಿತೂ ಬರೆದನು. ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕಾಗಿ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಇನ್ನು ಮೂವತ್ತು ವರ್ಷ ಬದುಕಿದ್ದರೆ, 1780ರ ಪೊಳ್ಳಿಲೂರು ಕದನದ ಬಾಣಗಳನ್ನು ಅವನು ಅಳೆಯದೆ ಬಿಡುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಗಾಳಿಯೇ ಇಲ್ಲವೆಂದು ಭಾವಿಸಿ 45 ಡಿಗ್ರಿ ಕೋನದಲ್ಲಿ ಹಾರಿಸಿದರೆ, ಸಾವಿರ ಗಜ ಹೋಗಲು ಸೆಕೆಂಡಿಗೆ ಸುಮಾರು 95 ಮೀಟರು ವೇಗ ಬೇಕು; ಎರಡು ಕಿಲೋಮೀಟರಿಗೆ ಸುಮಾರು 140 ಮೀಟರು. ವೇಗವು ಒಂದೂವರೆ ಪಟ್ಟಾದರೂ ಬೇಕಾಗುವ ಶಕ್ತಿಯು ಎರಡು ಪಟ್ಟನ್ನು ಮೀರುತ್ತದೆ. ಗಾಳಿಯನ್ನು ಗಣನೆಗೆ ತಂದರೆ ಅಂತರವು ಮತ್ತಷ್ಟು ಹಿಗ್ಗುತ್ತದೆ. ಇಲ್ಲಿ ಸ್ಥಳವೂ ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಗಾಳಿಯ ಸಾಂದ್ರತೆಯು ಕರಾವಳಿಗಿಂತ ಶೇಕಡಾ 8ರಷ್ಟು ಕಡಮೆ. ಒಂದೇ ಬಾಣವು ಕಡಲೂರಿಗಿಂತ ನಮ್ಮ ಕೆಂಗೇರಿಯ ಬಯಲಿನಲ್ಲಿ ಕೊಂಚ ಮುಂದೆ ಬೀಳುತ್ತದೆ.

ಆದರೆ ಕೋವಿಯ ತಂತ್ರಾಂಶವನ್ನು ಬಾಣಕ್ಕೆ ಹಾಗೆಯೇ ಹೊಂದಿಸಲಾಗದು. ಗುಂಡಿಗೆ ದೊರೆಯುವ ತಳ್ಳುವಿಕೆಯೆಲ್ಲ ನಳಿಗೆಯೊಳಗೇ ಮುಗಿಯುತ್ತದೆ; ಬಾಣವು ಹಾರುತ್ತಲೇ ಉರಿದು, ಉರಿಯುತ್ತ ಹಗುರವಾಗುತ್ತದೆ. ಕಟ್ಟಿದ ಬಿದಿರು ಅಥವಾ ಕತ್ತಿಯ ಅಲಗು ಅದನ್ನು ಗಾಳಿಯ ಕಡೆಗೆ ತಿರುಗಿಸುತ್ತದೆ. ಆದುದರಿಂದ ಮೊದಲ ಲೆಕ್ಕವನ್ನು ಬೇರೆಯಾಗಿ ಕಟ್ಟಬೇಕು. ಅದರ ಮೂಲಸಾಮಗ್ರಿ ಮಾತ್ರ ಅದೇ: ಮದ್ದೆಷ್ಟು, ಅವಕಾಶವೆಷ್ಟು, ಕೊಳವೆಯು ಎಷ್ಟು ಒತ್ತಡವನ್ನು ತಾಳಬಲ್ಲದು. ಕಾಗದದ ಕೊಳವೆಗಿಂತ ಕಬ್ಬಿಣದ ಕೊಳವೆಯು ಹೆಚ್ಚು ಒತ್ತಡವನ್ನು ತಾಳುತ್ತಿದ್ದುದೇ ಮೈಸೂರಿನ ಹಿರಿಮೆ.

ಈ ಸಾಮಗ್ರಿ ನಮ್ಮ ನಾಡಿನಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಬಾಣಗಳು ದೊರೆತವು. ಇವನ್ನು ಪರಿಶೀಲಿಸುವವರು ಉದ್ದ, ಹೊರವ್ಯಾಸಗಳಿಗೇ ನಿಲ್ಲಬಾರದು. ಒಳವ್ಯಾಸ, ತಗಡಿನ ದಪ್ಪ, ಹೊಗೆ ಹೊರಡುವ ರಂಧ್ರ, ಒಳಗುಳಿದ ಮದ್ದು ಇವು ಲೆಕ್ಕಕ್ಕೆ ಅನಿವಾರ್ಯ. ಕೈಯಿಂದ ಮಾಡಿದ ಕೊಳವೆಗಳು ಒಂದರಂತೆ ಒಂದಿರುವುದಿಲ್ಲ. ನೂರನ್ನಾದರೂ ಅಳೆದರೆ ಲೆಕ್ಕವು ಒಂದು ಸಂಖ್ಯೆಯ ಬದಲು ಕೆಳಮಿತಿ, ಮೇಲ್ಮಿತಿಗಳೆರಡನ್ನೂ ಕೊಡುತ್ತದೆ. ತುಕ್ಕನ್ನು ಕೆರೆಯುವ ಮೊದಲೊಮ್ಮೆ, ಕೆರೆದ ಬಳಿಕ ಮತ್ತೊಮ್ಮೆ ತೂಕವನ್ನು ಬರೆದಿಡಬೇಕು.