ರಾತ್ರಿ ಸುಲ್ತಾನ, ಬೆಳಿಗ್ಗೆ ಹಮಾಲಿ

ಅಡಿಕೆ ಕೊಯ್ಲು ಶುರುವಾಗಿ ಅಂಗಳದಲ್ಲಿ ಸುಲಿಯುವವರ ಸಾಲು ಕುಳಿತಿರುವಾಗಲೇ ನಾಟಕ ತಂಡದ ಗಾಡಿಯೂ ನಮ್ಮ ಕಡೆಗೆ ಬರುತ್ತದೆ. ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುವ ಅವಸರವೂ ಅದೇ ಹೊತ್ತಿಗೆ. ಮಳೆಗಾಲದಲ್ಲಿ ಊರೂರು ತಿರುಗಿ ಬಯಲಲ್ಲಿ ಆಡುವುದು ಆಗದ ಮಾತಾದ್ದರಿಂದ ತಿರುಗಾಟದ ನಟನಿಗೂ ನಮಗೂ ದುಡಿಮೆಯ ಕಾಲ ಒಂದೇ ಆಗಿಬಿಟ್ಟಿದೆ. ಹೀಗಾಗಿ ನಮ್ಮಲ್ಲಿ ಅನೇಕರು ನಾಟಕವನ್ನು ನೋಡಿರುತ್ತೇವೆ, ನಟನ ಬದುಕನ್ನು ನೋಡಿರುವುದಿಲ್ಲ. ಅದರ ಬಗ್ಗೆ ನಾಲ್ಕು ಮಾತು ಬರೆಯೋಣವೆನಿಸಿತು.

ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಸಂಸ್ಥೆ ಬೆಳೆಗಾರ ಬಂಧುಗಳಿಗೆ ಹೊಸದೇನಲ್ಲ. 1949ರಲ್ಲಿ ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಹುಟ್ಟಿದ ಸಂಘ ಅದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು (1932-2005) ಸ್ವತಃ ಅಡಿಕೆ ಬೆಳೆಗಾರರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಅದು ನಮ್ಮವರಿಗೇ ಬಂದಿತೆಂದು ಮಲೆನಾಡು ಸಂಭ್ರಮಿಸಿದ್ದುಂಟು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು, 1985ರಲ್ಲಿ ‘ತಿರುಗಾಟ’. ಮಳೆಗಾಲದಲ್ಲಿ ತಾಲೀಮು, ಮಳೆ ಹಿಂದೆಗೆದ ಮೇಲೆ ನಾಡಿನ ತುಂಬ ಪ್ರಯಾಣ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ‘ಶಿವಸಂಚಾರ’ವೂ ಇದೇ ರೀತಿ ವರ್ಷವರ್ಷವೂ ಹೊರಡುತ್ತದೆ.

ಇಂಥ ತಂಡದ ನಟನ ದಿನಚರಿ ಅರಮನೆಯದಲ್ಲ. ಊರು ತಲುಪಿದೊಡನೆ ಪೆಟ್ಟಿಗೆ ಇಳಿಸಬೇಕು, ಪರದೆ ಕಟ್ಟಬೇಕು, ದೀಪ ಜೋಡಿಸಬೇಕು. ಇದಕ್ಕೆಲ್ಲ ಬೇರೆ ಆಳುಗಳಿರುವುದಿಲ್ಲ. ಸಂಜೆ ಕಿರೀಟ ಧರಿಸುವವನೇ ಮಧ್ಯಾಹ್ನ ಹಲಗೆ ಹೊರುತ್ತಾನೆ. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿ, ಎಲ್ಲವನ್ನೂ ಬಿಚ್ಚಿ ಗಾಡಿಗೇರಿಸಿ, ಶಾಲೆಯ ಕೋಣೆಯಲ್ಲೋ ಸಭಾಭವನದಲ್ಲೋ ಚಾಪೆ ಹಾಸುವುದು. ತಂಡ ಚಿಕ್ಕದಾದ್ದರಿಂದ ಇಂದಿನ ದೊರೆ ನಾಳೆಯ ನಾಟಕದಲ್ಲಿ ಭರ್ಜಿ ಹಿಡಿದು ನಿಲ್ಲುವ ಕಾವಲುಗಾರ. ಪುಷ್ಯ ಮಾಸದ ಚಳಿಯಲ್ಲಿ, ಇಬ್ಬನಿ ಬೀಳುವ ಬಯಲಲ್ಲಿ, ಕೊನೆಯ ಸಾಲಿನ ಅಜ್ಜಿಗೂ ಕೇಳುವಂತೆ ಮಾತಾಡಬೇಕು. ಗಂಟಲು ಕೆಟ್ಟಿತೆಂದು ರಜೆ ಹಾಕುವ ಹಾಗಿಲ್ಲ.

ಇನ್ನು ಪಾತ್ರಗಳು. ಪೌರಾಣಿಕ ನಾಟಕದಲ್ಲಿ ನಟನಿಗೆ ಒಂದು ಅನುಕೂಲವುಂಟು: ಭೀಮ ಹೇಗಿರಬೇಕೆಂಬುದು ಜನರಿಗೂ ಗೊತ್ತು, ಅವನಿಗೂ ಗೊತ್ತು. ಇತಿಹಾಸದ ಪುರುಷ ಹಾಗಲ್ಲ. ಅವನು ತಪ್ಪು ಮಾಡಿದವನು, ಅವನ ತಪ್ಪಿನ ಲೆಕ್ಕ ಶಾಸನದಲ್ಲೋ ಬಖೈರಿನಲ್ಲೋ ಉಳಿದಿದೆ. ಗಿರೀಶ ಕಾರ್ನಾಡರು 1964ರಲ್ಲಿ ಬರೆದ ‘ತುಘಲಕ್’ ಅನ್ನೇ ನೋಡಿ. ಹದಿನಾಲ್ಕನೆಯ ಶತಮಾನದ ಈ ದಿಲ್ಲಿ ಸುಲ್ತಾನ ಮೊದಲ ದೃಶ್ಯದಲ್ಲಿ ನ್ಯಾಯಕ್ಕೆ ತಲೆಬಾಗುವ ಆದರ್ಶವಾದಿ. ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುತ್ತಾನೆ, ದಾರಿಯಲ್ಲಿ ಜನ ಸಾಯುತ್ತಾರೆ. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟುತ್ತಾನೆ. ಮನೆಮನೆಯಲ್ಲೂ ಟಂಕಸಾಲೆಯಾಗಿ, ಆಸೆಯಿಂದ ಬೆಳೆಸಿದ ಗುಲಾಬಿ ತೋಟದಲ್ಲಿಯೇ ಖೋಟಾ ನಾಣ್ಯ ರಾಶಿ ಬೀಳುತ್ತದೆ. (ಇದ್ದ ಬೆಲೆ ಕಣ್ಣೆದುರಿಗೇ ಕರಗುವುದೆಂದರೇನೆಂದು ಅಡಿಕೆ, ಕಾಫಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.) ಕಡೆಗೆ ಅವನು ಸಿಂಹಾಸನದ ಮೇಲೆಯೇ ನಿದ್ದೆ ಹೋಗುತ್ತಾನೆ. ಜಾಣನೊಬ್ಬ ಕ್ರೂರಿಯಾಗುವುದನ್ನು ಹದಿಮೂರು ದೃಶ್ಯಗಳಲ್ಲಿ, ಎಲ್ಲಿ ತಿರುಗಿದನೆಂದು ಗೊತ್ತಾಗದಂತೆ ತೋರಿಸಬೇಕು. ಸಿ.ಆರ್. ಸಿಂಹ (1942-2014) ಈ ಪಾತ್ರದಿಂದ ಹೆಸರಾದರು. ಅವರ ನಂತರದ ನಟರೂ ಈ ಪಾತ್ರಕ್ಕಾಗಿ ಹಂಬಲಿಸುವುದು ಬಿಟ್ಟಿಲ್ಲ. ಬರೀ ಗಟ್ಟಿ ಕೂಗಿ ತುಘಲಕನಾಗಲು ಹೊರಟವರು ಸೋಲುತ್ತಾರೆಂಬುದು ನಮ್ಮ ಅಭಿಪ್ರಾಯ.

ಕಲ್ಯಾಣದ ಕಥೆಯಂತೂ ಕನ್ನಡ ನಟನಿಗೆ ಮತ್ತೆ ಮತ್ತೆ ಎದುರಾಗುತ್ತದೆ. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ (1990), ಮೂರರಲ್ಲಿಯೂ ಬಸವಣ್ಣ ಮತ್ತು ಬಿಜ್ಜಳರಿದ್ದಾರೆ, ಮೂರರಲ್ಲಿಯೂ ಬೇರೆ ಬೇರೆ ಮನುಷ್ಯರು. ‘ತಲೆದಂಡ’ದ ಬಿಜ್ಜಳ ಒರಟ, ಆದರೆ ತನ್ನ ಕುಲದ ಅವಮಾನವನ್ನು ಮರೆಯಲಾರದ ದೊರೆ, ಮಗ ಸೋವಿದೇವನೇ ಅವನನ್ನು ಸೆರೆಯಲ್ಲಿಡುತ್ತಾನೆ. ಅವನನ್ನು ಖಳನಾಗಿ ಆಡುವುದು ಸುಲಭ, ತಂದೆಯಾಗಿ ಆಡುವುದು ಕಷ್ಟ. 2018ರಲ್ಲಿ ಬಂದ ‘ರಾಕ್ಷಸ ತಂಗಡಿ’ಯ ಅಳಿಯ ರಾಮರಾಯನೂ ಅದೇ ಜಾತಿಯ ಪಾತ್ರ: ಆಳುವವನು ಅವನು, ಸಿಂಹಾಸನ ಮಾತ್ರ ಅವನದಲ್ಲ. 1565ರಲ್ಲಿ ವಿಜಯನಗರ ಮುರಿದುಬಿದ್ದದ್ದು ನೋಡುವವರಿಗೆಲ್ಲ ಮೊದಲೇ ಗೊತ್ತು, ಆದರೂ ಅವರನ್ನು ಎರಡು ತಾಸು ಹಿಡಿದಿಡಬೇಕು.

ಕಂಪನಿ ನಾಟಕದ ಕಾಲದಲ್ಲಿ ಒಂದೇ ಪಾತ್ರ ಆಯುಷ್ಯವಿಡೀ ಬೆನ್ನಿಗಿರುತ್ತಿತ್ತು. ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಸ್ತ್ರೀ ಪಾತ್ರ ಮಾಡಿ, ಮುಂದೆ ‘ಜಗಜ್ಯೋತಿ ಬಸವೇಶ್ವರ’ದಿಂದ ನಾಡಿಗೆಲ್ಲ ಬಸವಣ್ಣನಾದರು. ಸ್ವಂತ ಕಂಪನಿ ಕಟ್ಟಿ ನಡೆಸಿದರು, ನೂರು ದಾಟಿ ಬಾಳಿ 2017ರಲ್ಲಿ ತೀರಿಕೊಂಡರು. ಇಂದಿನ ನಟನಿಗೆ ಅಂಥ ಭರವಸೆಯಿಲ್ಲ. ತಿರುಗಾಟದ ತಂಡ ಒಂದು ಋತುವಿನದು. ಮುಂದಿನ ವರ್ಷ ತಂಡ ಬೇರೆ, ನಾಟಕ ಬೇರೆ. ಬೇಸಿಗೆಯಲ್ಲಿ ಮಕ್ಕಳ ಶಿಬಿರ, ಶಾಲಾ ವಾರ್ಷಿಕೋತ್ಸವದ ನಿರ್ದೇಶನ, ಅದೃಷ್ಟವಿದ್ದರೆ ಧಾರಾವಾಹಿಯಲ್ಲಿ ಸಣ್ಣ ಪಾತ್ರ. ಧಾರಾವಾಹಿಗೆ ಹೋದವರು ಹಲವರು ತಿರುಗಿ ಬರುವುದಿಲ್ಲ, ಅವರನ್ನು ದೂರಲು ನಮಗೆ ಬಾಯಿಯಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾದಿಂದ ರಂಗಮಂದಿರಗಳು ಮುಚ್ಚಿದಾಗ ದಿನದ ಆಟ ನಂಬಿದವರ ಕೈ ಪೂರ್ತಿ ಬರಿದಾಯಿತು. ನಮಗಾದರೆ ಮರದಲ್ಲಿ ಗೊನೆಯಾದರೂ ಇತ್ತು.

ನಮ್ಮ ಸಂಘಗಳು ಈ ಬಾರಿ ನಾಟಕ ಕರೆಸುವುದಾದರೆ ಕೆಲವು ಸಂಗತಿ ಗಮನಿಸಬೇಕು. ಒಪ್ಪಿದ ಹಣವನ್ನು ಆಟದ ರಾತ್ರಿಯೇ ಕೊಡಿ, ಮಂಡಿಯ ಪಟ್ಟಿಯಂತೆ ವಾಯಿದೆ ಹಾಕಬೇಡಿ. ವಿದ್ಯುತ್ತನ್ನು ನಂಬದೆ ಜನರೇಟರು ಇಟ್ಟುಕೊಳ್ಳಿ. ಆಟಕ್ಕೆ ಮೊದಲು ಭಾಷಣ ಒಂದೇ ಸಾಕು. ಬಣ್ಣ ಹಚ್ಚಿಕೊಂಡು ಕುಳಿತವನ ಮುಂದೆ ಮೂವರು ಅಧ್ಯಕ್ಷರು ಮಾತಾಡಿದರೆ ಅಂಟಿಸಿದ ಮೀಸೆ ಬೆವರಿಗೆ ಜಾರುತ್ತದೆ. ಊಟ ಆಟದ ನಂತರ ಬಿಸಿಯಾಗಿರಲಿ, ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾದಿರಲಿ. ಸುಲಿಯುವ ಕೆಲಸವನ್ನು ಒಂದು ಸಂಜೆ ಬೇಗ ನಿಲ್ಲಿಸಿ ಆಳುಗಳನ್ನೂ ಕರೆತನ್ನಿ. ಅವರಿಗೆ ಮುಂದಿನ ಸಾಲಿನಲ್ಲೇ ಜಾಗವಿರಲಿ.