ಮರಳಿ ಬಂದ ಹೆಸರು

ಮೈಸೂರಿನಿಂದ ಹೊರಟ ಹೆದ್ದಾರಿಯು ಮಡಿಕೇರಿಯ ಬಳಿಕ ಘಟ್ಟವನ್ನಿಳಿದು, ಸುಳ್ಯ ಪುತ್ತೂರುಗಳನ್ನು ಹಾಯ್ದು, ಮಾಣಿ ಎಂಬಲ್ಲಿ ಬೆಂಗಳೂರು–ಮಂಗಳೂರು ರಸ್ತೆಯನ್ನು ಕೂಡುತ್ತದೆ. ಅಲ್ಲಿಂದ ಮಂಗಳೂರಿನತ್ತ ಕೊಂಚ ದೂರ ಸಾಗಿದರೆ ಕಲ್ಲಡ್ಕ. ಗಾಜಿನ ಲೋಟದಲ್ಲಿ ಹಾಲೂ ಚಹಾದ ಡಿಕಾಕ್ಷನ್ನೂ ಬೆರೆಯದೆ ಬೇರೆ ಬೇರೆ ಪದರಗಳಾಗಿ ನಿಲ್ಲುವ ‘ಕೆ.ಟಿ.’ಯಿಂದ ಈ ಊರು ಪ್ರಸಿದ್ಧವಾಗಿದೆ. ಆ ಬಗೆಯ ಚಹಾ ಈಗ ಪರ ಊರಿನ ಹೋಟೆಲುಗಳಲ್ಲಿಯೂ ದೊರೆಯುತ್ತದೆ. ಆದರೂ ಅದರ ಹೆಸರಿನೊಳಗೆ ಕಲ್ಲಡ್ಕ ಉಳಿದೇ ಇದೆ. ಇದೇ ದಾರಿಯ ಇನ್ನೊಂದು ತುದಿಯಲ್ಲಿರುವ ಮೈಸೂರಿಗೂ ಒಂದು ಪ್ರಸಿದ್ಧ ಹೆಸರಿತ್ತು. ಅದು ಆ ಊರಿನಲ್ಲಿಯೇ ಹುಟ್ಟಿ, ಅಲ್ಲಿಯೇ ನಿದ್ರೆಹೋಗಿ, ಕಾಲು ಶತಮಾನದ ಅನಂತರ ಬೇರೆಡೆ ಎಚ್ಚತ್ತಿತು. ಮೋಟಾರು ಸೈಕಲ್ಲಿನ ಪ್ರಿಯರು ಇಂದಿಗೂ ಅಕ್ಕರೆಯಿಂದ ಉಚ್ಚರಿಸುವ ‘ಯೆಜ್ಡಿ’ಯೇ ಆ ಹೆಸರು.

ಇದರ ಮೂಲ ಯುರೋಪಿನ ಚೆಕ್ ನಾಡಿನಲ್ಲಿದೆ. ಫ್ರಾಂತಿಶೆಕ್ ಯಾನೆಚೆಕ್ ಎಂಬ ಉದ್ಯಮಿ ೧೯೨೯ರಲ್ಲಿ ಜರ್ಮನಿಯ ‘ವಾಂಡರರ್’ ಸಂಸ್ಥೆಯಿಂದ ಮೋಟಾರು ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಆ ಸಂಸ್ಥೆಯ ಹೆಸರಿನ ಮೊದಲೆರಡು ಅಕ್ಷರಗಳನ್ನು ಜೋಡಿಸಿ ತನ್ನ ವಾಹನಕ್ಕೆ ಹೆಸರಿಟ್ಟನು. ಚೆಕ್ ಜನರ ಬಾಯಲ್ಲಿ ಅದು ‘ಯಾವಾ’. ನಮ್ಮ ನಾಡಿನಲ್ಲಿ ‘ಜಾವಾ’ ಆಯಿತು. ಈ ವಾಹನಗಳನ್ನು ಭಾರತಕ್ಕೆ ತರಿಸಿ ಮಾರುತ್ತಿದ್ದ ಇರಾನಿ ಮನೆತನದವರು ಇಲ್ಲಿಯೇ ಅವನ್ನು ತಯಾರಿಸಲು ಮನಸ್ಸು ಮಾಡಿದರು. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿಯವರ ಪ್ರಯತ್ನದಿಂದ ಮೈಸೂರಿನ ಯಾದವಗಿರಿಯಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆ ತಲೆಯೆತ್ತಿತು. ೧೯೬೧ರಲ್ಲಿ ಉತ್ಪಾದನೆ ಆರಂಭವಾಯಿತು. ಮುಂದೆ ೧೯೭೩ರ ಸುಮಾರಿಗೆ ಜಾವಾ ಎಂಬ ಪರದೇಶದ ಹೆಸರು ಹೋಗಿ ಯೆಜ್ಡಿ ಎಂಬ ಸ್ವಂತ ಹೆಸರು ಬಂದಿತು. ಇರಾನ್ ದೇಶದ ಯಜ್ದ್ ಎಂಬ ಪುರಾತನ ನಗರದ ನೆನಪು ಇದರಲ್ಲಿದೆಯೆಂದು ಹೇಳುತ್ತಾರೆ. ಹೆಸರಿನ ಬೇರು ಎಲ್ಲಿಯದೇ ಇರಲಿ, ವಾಹನ ಮಾತ್ರ ಮೈಸೂರಿನದೇ.

ಆ ವಾಹನದ ರಚನೆಯನ್ನು ತುಸು ವಿವರವಾಗಿ ತಿಳಿಯುವುದು ಅವಶ್ಯಕ. ಅದರ ಏಳಿಗೆಗೂ ಅಳಿವಿಗೂ ಕಾರಣ ಅಲ್ಲಿಯೇ ಅಡಗಿದೆ. ಯೆಜ್ಡಿಯ ಹೆಸರುವಾಸಿ ಮಾದರಿಗಳಲ್ಲಿ ಸುಮಾರು ೨೫೦ ಸಿ.ಸಿ. ಗಾತ್ರದ ಒಂದೇ ಸಿಲಿಂಡರು ಇರುತ್ತಿತ್ತು. ಆದರೆ ಸೈಲೆನ್ಸರ್ ಕೊಳವೆಗಳು ಎರಡು. ಕಾಲಿನಿಂದ ಒದ್ದು ಎಂಜಿನ್ನನ್ನು ಚಾಲೂ ಮಾಡುವ ಸನ್ನೆಯನ್ನೇ ಮುಂದಕ್ಕೆ ತಿರುಗಿಸಿದರೆ ಅದು ಗೇರು ಬದಲಿಸುವ ಸನ್ನೆಯಾಗುತ್ತಿತ್ತು. ಎರಡು ಕೆಲಸಕ್ಕೆ ಒಂದೇ ಸಾಧನವನ್ನು ಹೊಂದಿಸಿದ ಈ ಜಾಣತನ ಇಂದಿಗೂ ಮೆಚ್ಚತಕ್ಕದ್ದು. ಎಂಜಿನ್ ಎರಡು ಹೊಡೆತದ, ಎಂದರೆ ‘ಟೂ ಸ್ಟ್ರೋಕ್’ ಬಗೆಯದು. ಇದರಲ್ಲಿ ಪಿಸ್ಟನ್ನು ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಚಲಿಸುವಷ್ಟರಲ್ಲಿ ಒಂದು ಆವೃತ್ತಿ ಮುಗಿದು, ಅಚ್ಚಿನ ಪ್ರತಿ ಸುತ್ತಿಗೂ ಶಕ್ತಿ ದೊರೆಯುತ್ತದೆ. ಏರಿಳಿಯುವ ಕವಾಟಗಳಿಲ್ಲ, ಬಿಡಿಭಾಗಗಳು ಕಡಿಮೆ. ಊರಿನ ಸಾಮಾನ್ಯ ಮೆಕ್ಯಾನಿಕ್ಕನೂ ಬಿಚ್ಚಿ ಜೋಡಿಸಬಲ್ಲನು. ಘಟ್ಟದ ಏರುಗಳಲ್ಲಿ ಇಬ್ಬರನ್ನು ಹೊತ್ತು ಹತ್ತುವುದು ಅದಕ್ಕೆ ಆಯಾಸವಾಗಿರಲಿಲ್ಲ.

ಆದರೆ ಈ ಸರಳತೆಗೆ ತೆರಬೇಕಾದ ಬೆಲೆಯೂ ಇತ್ತು. ಇಂಥ ಎಂಜಿನ್ನಿನಲ್ಲಿ ಉರಿದ ಅನಿಲವನ್ನು ಹೊರದೂಡುವುದು ಒಳನುಗ್ಗುವ ಹೊಸ ಪೆಟ್ರೋಲು ಮಿಶ್ರಣವೇ. ಹಾಗೆ ದೂಡುವಾಗ ಹೊಸ ಮಿಶ್ರಣದ ಒಂದು ಪಾಲು ಉರಿಯದೆಯೇ ಹೊರಗೆ ಸೋರಿಹೋಗುತ್ತದೆ. ಮೇಲಾಗಿ, ಭಾಗಗಳು ಸವೆಯದಂತೆ ಪೆಟ್ರೋಲಿನೊಂದಿಗೆ ಎಣ್ಣೆಯನ್ನು ಬೆರೆಸಬೇಕು. ಆ ಎಣ್ಣೆ ಉರಿದು ನೀಲಿ ಹೊಗೆಯಾಗುತ್ತದೆ. ೧೯೮೫ರಲ್ಲಿ ಜಪಾನಿನ ಸಹಯೋಗದಿಂದ ‘ಹೀರೋ ಹೋಂಡಾ’ದ ೧೦೦ ಸಿ.ಸಿ.ಯ, ನಾಲ್ಕು ಹೊಡೆತದ ಮೋಟಾರು ಸೈಕಲ್ಲು ಮಾರುಕಟ್ಟೆಗೆ ಬಂದು, ಅಲ್ಪ ಪೆಟ್ರೋಲಿನಲ್ಲಿ ಬಹುದೂರ ಓಡಿ ತೋರಿಸಿತು. ಸಂಬಳದ ದಿನವನ್ನು ಎಣಿಸಿ ಬದುಕುವ ಕುಟುಂಬಗಳು ಅದರತ್ತ ತಿರುಗಿದುದು ಸಹಜವೇ. ತೊಂಬತ್ತರ ದಶಕದಲ್ಲಿ ವಾಹನದ ಹೊಗೆಯನ್ನು ಮಿತಿಗೊಳಿಸುವ ನಿಯಮಗಳೂ ಬಿಗಿಯಾದವು. ೧೯೯೬ರಲ್ಲಿ ಮೈಸೂರಿನ ಕಾರ್ಖಾನೆ ಉತ್ಪಾದನೆಯನ್ನು ನಿಲ್ಲಿಸಿತು; ೨೦೦೧ರಲ್ಲಿ ಸಂಸ್ಥೆಯನ್ನು ಸಮಾಪ್ತಿಗೊಳಿಸಲು ಉಚ್ಚ ನ್ಯಾಯಾಲಯ ಆದೇಶಿಸಿತು.

ಕಾರ್ಖಾನೆ ಮುಚ್ಚಿದರೂ ಅಲ್ಲಿ ತಯಾರಾದ ವಾಹನಗಳು ರಸ್ತೆಯನ್ನು ಬಿಡಲಿಲ್ಲ. ಹಳೆಯ ಮೆಕ್ಯಾನಿಕ್ಕರು ಒಂದು ವಾಹನದ ಭಾಗವನ್ನು ಕಳಚಿ ಇನ್ನೊಂದನ್ನು ಬದುಕಿಸಿದರು. ಮೈಸೂರು ಬೆಂಗಳೂರುಗಳಲ್ಲಿ ಜಾವಾ–ಯೆಜ್ಡಿ ಸವಾರರ ಸಂಘಗಳು ಹುಟ್ಟಿಕೊಂಡವು. ಜುಲೈ ತಿಂಗಳ ಎರಡನೆಯ ಭಾನುವಾರ ‘ಜಾವಾ ದಿನ’ವೆಂದು ಅವರೆಲ್ಲ ಒಂದೆಡೆ ಸೇರುವ ವಾಡಿಕೆ ಬೆಳೆಯಿತು. ಮಾರುಕಟ್ಟೆಯಲ್ಲಿ ಇಲ್ಲದ ಒಂದು ಹೆಸರಿಗೆ ಬೆಲೆ ಉಳಿದಿದ್ದರೆ ಅದನ್ನು ಉಳಿಸಿದವರಲ್ಲಿ ಇವರು ಮೊದಲಿಗರು. ಈ ಮಾತು ವ್ಯಾಪಾರದ ಲೆಕ್ಕಪುಸ್ತಕಗಳಲ್ಲಿ ಕಾಣಸಿಗುವುದಿಲ್ಲ.

ಹಾಗಾದರೆ ಆ ಹೆಸರು ಯಾರದು? ಕಾನೂನಿನ ದೃಷ್ಟಿಯಲ್ಲಿ ವ್ಯಾಪಾರ ಚಿಹ್ನೆಯೂ ಮನೆ, ಹೊಲಗಳಂತೆ ಒಂದು ಸ್ವತ್ತು. ಅದನ್ನು ಹತ್ತು ವರ್ಷಗಳ ಅವಧಿಗೆ ನೋಂದಾಯಿಸಿ ಮತ್ತೆ ಮತ್ತೆ ನವೀಕರಿಸಬಹುದು. ಐದು ವರ್ಷಕ್ಕೂ ಮೀರಿ ಎಡೆಬಿಡದೆ ಬಳಸದೆ ಬಿಟ್ಟರೆ, ಅದನ್ನು ದಾಖಲೆಯಿಂದ ತೆಗೆಯುವಂತೆ ಇತರರು ಕೋರಬಹುದು. ಹೀಗೆ ಹೆಸರಿನ ನಿದ್ರೆಗೂ ಒಂದು ಮಿತಿಯುಂಟು. ಇನ್ನೊಂದು ಕಡೆ, ಸಮಾಪ್ತಿಗೊಂಡ ಸಂಸ್ಥೆಯ ಆಸ್ತಿಯೆಲ್ಲ ನ್ಯಾಯಾಲಯದ ಅಧಿಕಾರಿಯ ವಶಕ್ಕೆ ಬರುತ್ತದೆ. ಅದನ್ನು ಮಾರಿ ಬಂದ ಹಣದಲ್ಲಿ ಕಾರ್ಮಿಕರಿಗೂ ಸಾಲ ಕೊಟ್ಟವರಿಗೂ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಸ್ಥಾಪಕ ರುಸ್ತುಂ ಇರಾನಿಯವರ ಪುತ್ರ ಬೊಮನ್ ಇರಾನಿ ಯೆಜ್ಡಿಯ ಹೆಸರನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡಿದ್ದರು. ಚಿಹ್ನೆಯು ಮುಚ್ಚಿಹೋದ ಸಂಸ್ಥೆಗೇ ಸೇರಿದ್ದೆಂದು ೨೦೨೨ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ತೀರ್ಪಿತ್ತಿತು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠವು ೨೦೨೫ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ವಿದ್ವಾಂಸರಾದ ನ್ಯಾಯಾಧೀಶರಲ್ಲಿಯೇ ಭಿನ್ನಾಭಿಪ್ರಾಯವಿರುವ ಪ್ರಶ್ನೆ ಸುಲಭದ್ದಲ್ಲವೆಂಬುದು ಸ್ಪಷ್ಟ.

ಈ ವ್ಯಾಜ್ಯ ನಡೆಯುತ್ತಿದ್ದಾಗಲೇ ಹೆಸರು ಎಚ್ಚತ್ತಿತ್ತು. ಮಹೀಂದ್ರಾ ಸಮೂಹಕ್ಕೆ ಸೇರಿದ ‘ಕ್ಲಾಸಿಕ್ ಲೆಜೆಂಡ್ಸ್’ ಸಂಸ್ಥೆ ೨೦೧೮ರಲ್ಲಿ ಜಾವಾವನ್ನೂ ೨೦೨೨ರ ಜನವರಿಯಲ್ಲಿ ಯೆಜ್ಡಿಯನ್ನೂ ಮರಳಿ ಬೀದಿಗಿಳಿಸಿತು. ಇದೇ ಸಂಸ್ಥೆಯ ಕೈಗೆ ಬ್ರಿಟನ್ನಿನ ‘ಬಿ.ಎಸ್.ಎ.’ ಹೆಸರೂ ೨೦೧೬ರಲ್ಲಿಯೇ ಬಂದಿತ್ತು. ಭಾರತೀಯರಿಗೆ ಬಿ.ಎಸ್.ಎ. ಎಂದೊಡನೆ ಸೈಕಲ್ಲು ನೆನಪಾಗುತ್ತದೆ. ಆದರೆ ೧೮೬೧ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬಂದೂಕು ತಯಾರಿಕೆಗೆಂದು ಸ್ಥಾಪನೆಯಾದ ಆ ಸಂಸ್ಥೆ, ೧೯೫೦ರ ದಶಕದ ಮೊದಲಲ್ಲಿ ಜಗತ್ತಿನ ಅತಿ ದೊಡ್ಡ ಮೋಟಾರು ಸೈಕಲ್ ತಯಾರಕ ಎನಿಸಿ, ೧೯೭೦ರ ದಶಕದಲ್ಲಿ ಕುಸಿದುಬಿದ್ದಿತ್ತು. ಅದರ ‘ಗೋಲ್ಡ್ ಸ್ಟಾರ್’ ೨೦೨೧ರ ಕೊನೆಯಲ್ಲಿ ಹೊಸ ರೂಪದಲ್ಲಿ ಅನಾವರಣಗೊಂಡಿತು. ಒಂದು ಕಾಲಕ್ಕೆ ಆಳಿದವರ ನಾಡಿನ ಹೆಸರನ್ನು ಆಳಿಸಿಕೊಂಡವರು ಎಬ್ಬಿಸಿ ಅವರಿಗೇ ಮಾರಿದುದರಲ್ಲಿ ಇತಿಹಾಸದ ಸಣ್ಣದೊಂದು ಚೇಷ್ಟೆಯಿದೆ.

ಹೆಸರು ಎಷ್ಟು ದೂರ ಅಲೆಯಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಕ್ರೀಡಾ ಕಾರು ‘ಎಂ.ಜಿ.’ ಇನ್ನೂ ದೊಡ್ಡ ನಿದರ್ಶನ. ಆಕ್ಸ್‌ಫರ್ಡಿನ ‘ಮಾರಿಸ್ ಗ್ಯಾರೇಜಸ್’ ೧೯೨೦ರ ದಶಕದಲ್ಲಿ ಆರಂಭಿಸಿದ ಈ ಕಾರು, ತೆರೆದ ಮೈಯ, ಇಬ್ಬರು ಕೂರುವ ಪುಟ್ಟ ವಾಹನವೆಂದು ಲೋಕದ ಮೆಚ್ಚುಗೆ ಪಡೆದಿತ್ತು. ಅಬಿಂಗ್‌ಡನ್ನಿನ ಅದರ ಕಾರ್ಖಾನೆ ೧೯೮೦ರಲ್ಲಿ ಮುಚ್ಚಿತು. ೨೦೦೫ರಲ್ಲಿ ಒಡೆತನದ ಸಂಸ್ಥೆಯೇ ದಿವಾಳಿಯಾಗಿ ಹೆಸರು ಚೀನಾ ದೇಶಕ್ಕೆ ಮಾರಾಟವಾಯಿತು. ೨೦೧೯ರಿಂದ ಗುಜರಾತಿನ ಹಾಲೋಲಿನಲ್ಲಿಯೂ ಎಂ.ಜಿ. ಕಾರುಗಳು ತಯಾರಾಗುತ್ತಿವೆ. ಅಲ್ಲಿ ಮೊದಲು ತಯಾರಾದದ್ದು ಸಂಸಾರವೆಲ್ಲ ಕೂಡುವ ಎತ್ತರದ ವಾಹನ. ಹಳೆಯ ಕಾರಿಗೂ ಇದಕ್ಕೂ ಎಂಟು ಮೂಲೆಯ ಚಿಹ್ನೆಯ ಹೊರತು ಹೆಚ್ಚಿನ ನಂಟು ಕಾಣದು.

ಯೆಜ್ಡಿಯ ಪುನರಾಗಮನ ಇಷ್ಟು ದೂರ ಸರಿದಿಲ್ಲ. ಹೊಸ ವಾಹನದಲ್ಲಿಯೂ ಒಂದೇ ಸಿಲಿಂಡರು ಇದೆ. ‘ರೋಡ್‌ಸ್ಟರ್’ ಮಾದರಿಯಲ್ಲಿ ಜೋಡಿ ಸೈಲೆನ್ಸರುಗಳೂ ಇವೆ. ಆದರೆ ಎಂಜಿನ್ನು ೩೩೪ ಸಿ.ಸಿ.ಯದು, ನಾಲ್ಕು ಹೊಡೆತದ್ದು, ದ್ರವದಿಂದ ತಂಪುಗೊಳ್ಳುವಂಥದು, ನೀಲಿ ಹೊಗೆಯಿಲ್ಲ. ಒದೆಯುವ ಸನ್ನೆಯ ಸ್ಥಾನದಲ್ಲಿ ಹೆಬ್ಬೆರಳಿನಿಂದ ಒತ್ತುವ ಗುಂಡಿ ಬಂದಿದೆ. ತಯಾರಾಗುವ ಊರು ಮಧ್ಯಪ್ರದೇಶದ ಪೀಥಂಪುರ. ಯಾದವಗಿರಿಯಲ್ಲಿ ತಯಾರಾದ ಹಳೆಯ ವಾಹನಕ್ಕೆ ಇಂದಿಗೂ ಪೆಟ್ರೋಲಿನೊಡನೆ ಅಳತೆಮಾಡಿ ಎಣ್ಣೆ ಬೆರೆಸಲೇಬೇಕು. ಅದರ ಸನ್ನೆಯನ್ನು ಮುಂದಕ್ಕೆ ತಿರುಗಿಸಿದರೆ ಗೇರು ಬೀಳುತ್ತದೆ.