ನಾಲ್ಕು ದಿನ, ಎರಡು ಮಾಯಾಲೋಕ: ಸಮಪಾಲಿನ ಲೆಕ್ಕ ತಪ್ಪಿದ್ದೆಲ್ಲಿ?

ಮೂವತ್ತು ವರ್ಷಗಳಿಂದ ಮಕ್ಕಳಿಗೆ ವಿಜ್ಞಾನ, ಗಣಿತ ಹೇಳಿಕೊಡುತ್ತಿರುವ ನಾನು ಒಂದು ಸರಳ ಭಾಗಾಕಾರದಲ್ಲಿ ಎಡವಿದ ಕಥೆ ಇದು. ನಾಲ್ಕನ್ನು ಎರಡರಿಂದ ಭಾಗಿಸಿದರೆ ಎರಡು. ಇದರಲ್ಲಿ ತಪ್ಪೇನು ಬಂತು ಎಂದು ನೀವು ಕೇಳಬಹುದು. ಅದನ್ನು ತಿಳಿಯಲು ನಾನು ಅಮೆರಿಕದ ಫ್ಲಾರಿಡಾ ರಾಜ್ಯದ ಓರ್ಲಾಂಡೊ ತನಕ ಹೋಗಬೇಕಾಯಿತು!

ನನ್ನ ಅಕ್ಕನ ಮಗಳ ಸಂಸಾರ ಅಟ್ಲಾಂಟಾದಲ್ಲಿದೆ. 2023ರ ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಶಾಲೆ ಪುನರಾರಂಭದ ಹೊತ್ತಿಗೆ ನಾಲ್ಕು ದಿನ ರಜೆ ಬರೆದಿದ್ದೂ ಉಂಟು. ಅಲ್ಲಿನ ಮಕ್ಕಳಿಗೆ ಆಗಷ್ಟೇ ಬೇಸಿಗೆ ರಜೆ ಸುರುವಾಗಿತ್ತು. ಅವರಪ್ಪನಿಗೆ ಸಿಕ್ಕಿದ್ದು ಒಟ್ಟು ಆರು ದಿನದ ಬಿಡುವು. ಅಟ್ಲಾಂಟಾದಿಂದ ಓರ್ಲಾಂಡೊಗೆ ಕಾರಿನಲ್ಲಿ ಸುಮಾರು 700 ಕಿಲೋಮೀಟರ್. ಹೋಗಲೊಂದು ದಿನ, ಬರಲೊಂದು ದಿನ. ಉಳಿದದ್ದು ನಾಲ್ಕೇ ದಿನ.

ಓರ್ಲಾಂಡೊದಲ್ಲಿ ಎರಡು ದೊಡ್ಡ ಮನೋರಂಜನಾ ಲೋಕಗಳಿವೆ. ಒಂದು ವಾಲ್ಟ್ ಡಿಸ್ನಿ ವರ್ಲ್ಡ್, ಇನ್ನೊಂದು ಯೂನಿವರ್ಸಲ್. ಹನ್ನೆರಡು ವರ್ಷದ ಮೊಮ್ಮಗಳು ಹ್ಯಾರಿ ಪಾಟರ್ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದವಳು. ಅವಳಿಗೆ ಯೂನಿವರ್ಸಲ್ ಬೇಕು. ಐದು ವರ್ಷದ ಮೊಮ್ಮಗನಿಗೆ ಮಿಕ್ಕಿ ಇಲಿ ಬೇಕು, ಸಿಂಹವನ್ನೂ ನೋಡಬೇಕು. ಅವೆರಡೂ ಇರುವುದು ಡಿಸ್ನಿಯಲ್ಲಿ. ಊಟದ ಮೇಜಿನ ಮೇಲೆ ಜಗಳ ಹತ್ತಿತು. “ಮಾವ, ನೀವೇ ಹೇಳಿ” ಎಂದಳು ಅಕ್ಕನ ಮಗಳು. ಹಿರಿಯನೆಂಬ ಠೀವಿಯಲ್ಲಿ ನಾನು ಪಂಚಾಯಿತಿ ತೀರ್ಪು ಕೊಟ್ಟೆ: “ಅಲ್ಲಿ ಎರಡು ದಿನ, ಇಲ್ಲಿ ಎರಡು ದಿನ. ಇಬ್ಬರಿಗೂ ಸಮಪಾಲು.” ಎಲ್ಲರೂ ತಲೆಯಾಡಿಸಿದರು. ಆರು ಜನಕ್ಕೆ ಎರಡೂ ಕಡೆಯ ಟಿಕೆಟ್ ಕೊಂಡದ್ದಾಯಿತು. ಎರಡೂ ಕಡೆಗೆ ಹತ್ತಿರವಾಗಲೆಂದು ಎರಡು ಹೋಟೆಲುಗಳಲ್ಲಿ ರೂಮು ಹಿಡಿದದ್ದೂ ಆಯಿತು.

ಎರಡರ ಜಾಯಮಾನವೇ ಬೇರೆ

ಎರಡಕ್ಕೂ ನಡುವೆ ಇರುವುದು ಸುಮಾರು 20 ಕಿಲೋಮೀಟರ್. ಆದರೆ ಸ್ವಭಾವದಲ್ಲಿ ಅಜಗಜಾಂತರ. ಡಿಸ್ನಿ ವರ್ಲ್ಡ್ ತೆರೆದದ್ದು 1971ರ ಅಕ್ಟೋಬರ್ 1ರಂದು. ಅದನ್ನು ಕನಸು ಕಂಡ ವಾಲ್ಟ್ ಡಿಸ್ನಿ 1966ರಲ್ಲೇ ತೀರಿಕೊಂಡಿದ್ದ. ಕೆಲಸ ಮುಗಿಸಿದವನು ಅಣ್ಣ ರಾಯ್. ಸುಮಾರು 100 ಚದರ ಕಿಲೋಮೀಟರ್ ಜಾಗದಲ್ಲಿ ನಾಲ್ಕು ಥೀಮ್ ಪಾರ್ಕುಗಳು, ಎರಡು ನೀರಾಟದ ಪಾರ್ಕುಗಳು. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವ ಮಾತು ಹೆಚ್ಚಾಗಿ ಇಲ್ಲ. ಬಸ್ಸು, ದೋಣಿ, ಮೊನೊರೈಲು ಬೇಕು. ಮೊದಲ ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋದರೆ ಕಾರು ನಿಲ್ಲಿಸುವ ಜಾಗ ಒಂದು ಕಡೆ, ಪಾರ್ಕು ಕೆರೆಯ ಆಚೆ ದಡದಲ್ಲಿ. ಕಾರು ನಿಲ್ಲಿಸಿದ ಮೇಲೆ ಬಾಗಿಲು ಮುಟ್ಟಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು.

ಯೂನಿವರ್ಸಲ್‌ನ ಮೊದಲ ಪಾರ್ಕು 1990ರಲ್ಲಿ ಬಂತು, ಎರಡನೆಯದು 1999ರಲ್ಲಿ. ಎರಡೂ ಅಕ್ಕಪಕ್ಕ, ನಡೆದೇ ಹೋಗಬಹುದು. ಹ್ಯಾರಿ ಪಾಟರ್‌ನ ಊರು ಒಂದರಲ್ಲಿ (2010), ಬೀದಿ ಇನ್ನೊಂದರಲ್ಲಿ (2014). ನಡುವೆ ಒಂದು ರೈಲು. ಆ ರೈಲು ಹತ್ತಬೇಕಾದರೆ ಎರಡೂ ಪಾರ್ಕುಗಳಿಗೆ ಸಲ್ಲುವ ಟಿಕೆಟ್ ಬೇಕು. ಇಲ್ಲಿ ವೇಗವೇ ಪ್ರಧಾನ. 2021ರಲ್ಲಿ ಬಂದ ವೆಲಾಸಿಕೋಸ್ಟರ್ ಎಂಬ ಉರುಳುಬಂಡಿ ಗಂಟೆಗೆ 112 ಕಿಲೋಮೀಟರ್ ವೇಗ ಮುಟ್ಟುತ್ತದೆ. ಅದನ್ನು ತಳ್ಳುವುದು ಸರಪಳಿಯಲ್ಲ, ವಿದ್ಯುತ್ಕಾಂತ ಶಕ್ತಿ. ಹತ್ತನೆಯ ತರಗತಿಯ ಪಾಠ ಕಣ್ಣೆದುರಿಗೇ ಕಿರುಚಿಕೊಂಡು ಓಡಿದಂತೆ!

ಮೊದಲೆರಡು ದಿನ ಡಿಸ್ನಿಯಲ್ಲಿ ಸುಖವಾಗಿ ಕಳೆದವು. ಮ್ಯಾಜಿಕ್ ಕಿಂಗ್‌ಡಮ್ ನಿಂತಿರುವುದು ಒಂದು ಅಂತಸ್ತಿನ ಮೇಲೆ. ಫ್ಲಾರಿಡಾದಲ್ಲಿ ಸ್ವಲ್ಪ ಅಗೆದರೆ ನೀರು. ಆದ್ದರಿಂದ ನೌಕರರು ಓಡಾಡುವ ಸುರಂಗಗಳನ್ನು ನೆಲಮಟ್ಟದಲ್ಲೇ ಕಟ್ಟಿ, ಕೆರೆ ತೋಡಿದ ಮಣ್ಣನ್ನು ಅದರ ಸುತ್ತ ಪೇರಿಸಿ, ಮೇಲೆ ಊರು ಕಟ್ಟಿದ್ದಾರೆ. ಎರಡನೆಯ ದಿನ ನನ್ನ ಒತ್ತಾಯಕ್ಕೆ ಎಪ್ಕಾಟ್ ನೋಡಿದೆವು. ಅಲ್ಲಿ ದೋಣಿಯಲ್ಲಿ ಕೂತು, ಮಣ್ಣಿಲ್ಲದೆ ನೀರಿನಲ್ಲೇ ತರಕಾರಿ ಬೆಳೆಯುವ ಗಾಜಿನ ಮನೆಗಳ ನಡುವೆ ಸಾಗಬಹುದು. ನನ್ನ ಹೆಂಡತಿ ಬದನೆ, ಟೊಮೇಟೊ ಗಿಡಗಳನ್ನು ನೋಡಿದಷ್ಟು ಆಸಕ್ತಿಯಿಂದ ರಾಜಕುಮಾರಿಯ ಕೋಟೆಯನ್ನು ನೋಡಲಿಲ್ಲ. ಸಿಂಹಗಳಿರುವ ಪಾರ್ಕು, ಅಂದರೆ ಅನಿಮಲ್ ಕಿಂಗ್‌ಡಮ್, ಮಾತ್ರ ಉಳಿದುಹೋಯಿತು. “ಸಿಂಹ ಯಾವಾಗ ತಾತ?” ಎಂದ ಮೊಮ್ಮಗ. ಡಿಸ್ನಿಯ ಪಾಲು ಮುಗಿದಿತ್ತು.

ಕೈತಪ್ಪಿದ ಮೂರನೆಯ ದಿನ

ಮೂರನೆಯ ದಿನ ಬೆಳಗ್ಗೆ ಹೋಟೆಲು ಬದಲಿಸಬೇಕಿತ್ತು. ಆರು ಜನರ ಬಟ್ಟೆಬರೆ, ರೈಸ್ ಕುಕ್ಕರ್, ಚಟ್ನಿಪುಡಿ ಡಬ್ಬ, ಒಣಗದ ಟವೆಲು, ಎಲ್ಲ ಕಟ್ಟಿ ಹೊರಬೀಳುವಾಗ ಹತ್ತೂವರೆ. ಹೊಸ ಹೋಟೆಲಿನ ರೂಮು ಸಿಗುವುದು ಸಂಜೆ ನಾಲ್ಕಕ್ಕೆ, ಸಾಮಾನೆಲ್ಲ ಕಾರಿನಲ್ಲೇ. ಹೆದ್ದಾರಿಯಲ್ಲಿ ವಾಹನಗಳ ಸಾಲು. ಯೂನಿವರ್ಸಲ್‌ನ ಬಾಗಿಲು ದಾಟಿದಾಗ ಮಧ್ಯಾಹ್ನ ಹನ್ನೆರಡೂವರೆ. ಎರಡೂವರೆಗೆ ಗುಡುಗು! ಹೊರಾಂಗಣದ ಆಟಗಳೆಲ್ಲ ನಿಂತವು.

ಇದು ಆಕಸ್ಮಿಕವಲ್ಲ. ಫ್ಲಾರಿಡಾ ಒಂದು ಪರ್ಯಾಯ ದ್ವೀಪ. ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ, ಪಶ್ಚಿಮಕ್ಕೆ ಮೆಕ್ಸಿಕೊ ಕೊಲ್ಲಿ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ. ಎರಡೂ ಕಡೆಯಿಂದ ತೇವದ ಸಮುದ್ರಗಾಳಿ ಒಳನಾಡಿಗೆ ಬೀಸುತ್ತದೆ. ನಡುವೆ ಅವು ಸಂಧಿಸಿದಾಗ ಗಾಳಿಗೆ ಮೇಲೇರುವುದು ಬಿಟ್ಟು ಬೇರೆ ದಾರಿಯಿಲ್ಲ. ಮೇಲೇರಿದ ಗಾಳಿ ತಣಿದು ಗುಡುಗಿನ ಮೋಡವಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಮಳೆ ಸಾಮಾನ್ಯ. ಇದನ್ನು ತರಗತಿಯಲ್ಲಿ ಎಷ್ಟು ಸಲ ಬೋರ್ಡಿನ ಮೇಲೆ ಬಿಡಿಸಿದ್ದೇನೋ! ಆದರೆ ಯೋಜನೆ ಹಾಕುವಾಗ ನೆನಪಾಗಲಿಲ್ಲ. ಗುಡುಗು ನಿಂತು ಆಟಗಳು ಮತ್ತೆ ಸುರುವಾಗುವ ಹೊತ್ತಿಗೆ ಮಕ್ಕಳು ಸೋತಿದ್ದರು. ಎರಡರಲ್ಲಿ ಒಂದು ದಿನ ಹೀಗೆ ಹೋಯಿತು.

ಆ ದಿನ ಕಳೆದುಕೊಂಡದ್ದರಲ್ಲಿ ಅತ್ಯಂತ ಬೆಲೆಬಾಳುವುದು ಬೆಳಗಿನ ಹೊತ್ತು. ಇದಕ್ಕೂ ಗಣಿತವಿದೆ. ಒಂದು ಆಟ ಗಂಟೆಗೆ 1500 ಜನರನ್ನು ಕೂರಿಸುತ್ತದೆ ಎಂದಿಟ್ಟುಕೊಳ್ಳೋಣ. ನಿಮ್ಮ ಮುಂದೆ 1500 ಜನರಿದ್ದರೆ ಕಾಯುವುದು ಒಂದು ಗಂಟೆ. ಬಾಗಿಲು ತೆರೆದ ಕೂಡಲೇ ಹೋಗಿ, ಮುಂದೆ 300 ಜನರಷ್ಟೇ ಇದ್ದರೆ 12 ನಿಮಿಷ. ಸಾಲಿನ ಉದ್ದ, ಜನ ಸಾಗುವ ವೇಗ, ಕಾಯುವ ಹೊತ್ತು, ಈ ಮೂರರ ಸಂಬಂಧವನ್ನು 1961ರಲ್ಲಿ ಜಾನ್ ಲಿಟ್ಲ್ ಎಂಬ ಅಮೆರಿಕದ ವಿದ್ವಾಂಸ ಗಣಿತರೀತ್ಯಾ ಸಾಧಿಸಿ ತೋರಿಸಿದ. ಬೆಳಗಿನ ಒಂದು ಗಂಟೆ ಮಧ್ಯಾಹ್ನದ ಹಲವು ಗಂಟೆಗಳಿಗೆ ಸಮ. ನಾವು ಆ ಗಂಟೆಯನ್ನು ಟವೆಲು ಮಡಿಸುತ್ತ ಕಳೆದಿದ್ದೆವು. ಹಣ ಕೊಟ್ಟು ಸಾಲು ತಪ್ಪಿಸುವ ಏರ್ಪಾಡು ಎರಡೂ ಕಡೆ ಇದೆ. ಡಿಸ್ನಿಯವರದ್ದಕ್ಕೆ ಈಗ ‘ಲೈಟ್ನಿಂಗ್ ಲೇನ್’ ಎಂದು ಹೆಸರು. ಆದರೆ ನಿಜವಾದ ಮಿಂಚು ಬಂದಾಗ ಯಾವ ಮಿಂಚಿನ ಸಾಲೂ ಓಡುವುದಿಲ್ಲ!

ಎರಡು ಸೆಂಟಿಮೀಟರ್

ನಾಲ್ಕನೆಯ ದಿನ ಬೇಗನೆ ಹೋದೆವು. ಹ್ಯಾರಿ ಪಾಟರ್ ಬೀದಿಯ ಗ್ರಿಂಗಾಟ್ಸ್ ಬ್ಯಾಂಕಿನ ಆಟದ ಬಾಗಿಲಲ್ಲಿ ಎತ್ತರ ಅಳೆಯುವ ಕೋಲು. ಬೇಕಾದ ಎತ್ತರ 107 ಸೆಂಟಿಮೀಟರ್. ನಮ್ಮ ಹುಡುಗ 105. ತುದಿಗಾಲಲ್ಲಿ ನಿಂತು ನೋಡಿದ. ಅಲ್ಲಿದ್ದ ಹುಡುಗಿ ಮಂಡಿಯೂರಿ ಅವನ ಮಟ್ಟಕ್ಕೆ ಬಂದು, ಇನ್ನಷ್ಟು ಬೆಳೆದ ಮೇಲೆ ಬಾ ಎಂದು ನಯವಾಗಿ ಹೇಳಿದಳು. ಅವನು ಅಳಲಿಲ್ಲ. ಗೋಡೆಗೆ ಮುಖ ಮಾಡಿ ನಿಂತ. ಅತ್ತಿದ್ದರೆ ಚೆನ್ನಾಗಿತ್ತು.

ಈ ನಿಯಮದ ಮೇಲೆ ಯಾರೂ ಸಿಟ್ಟಾಗಬಾರದು. ಅದು ಧೈರ್ಯದ ಪರೀಕ್ಷೆಯಲ್ಲ. ಸೊಂಟದ ಮೇಲೆ ಬೀಳುವ ಅಡ್ಡಪಟ್ಟಿ ದೇಹವನ್ನು ಸರಿಯಾದ ಜಾಗದಲ್ಲಿ ಹಿಡಿಯಬೇಕು. ಮೈ ಚಿಕ್ಕದಾದರೆ ಗಾಡಿ ತಿರುಗುವಾಗ ಮಗು ಪಟ್ಟಿಯಿಂದ ಜಾರಬಹುದು. “ಬೆಳಗ್ಗೆ ಎದ್ದ ಕೂಡಲೇ ನಾವು ಸ್ವಲ್ಪ ಎತ್ತರ ಇರ್ತೀವಂತೆ, ಅಲ್ವಾ ತಾತ?” ಎಂದಳು ಮೊಮ್ಮಗಳು, ಆಸೆಯಿಂದ. ನಿಜ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಹಿಗ್ಗುತ್ತವೆ, ಹಗಲು ಓಡಾಡುತ್ತ ಕುಗ್ಗುತ್ತವೆ. ಆದರೆ ಆ ವ್ಯತ್ಯಾಸ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಅಲ್ಲದೆ ಆಗ ಬೆಳಗಿನ ಹೊತ್ತೇ ಆಗಿತ್ತು.

ತಮ್ಮನನ್ನು ಬಿಟ್ಟು ತಾನೂ ಹೋಗುವುದಿಲ್ಲ ಎಂದು ಅವಳು ಹಟ ಹಿಡಿದಳು. ಅಮ್ಮ ಗದರಿದ ಮೇಲೆ ಅಪ್ಪನ ಜೊತೆ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಮುಖ ನೋಡಿದೆ. ಸಂತೋಷವನ್ನು ಬಚ್ಚಿಟ್ಟುಕೊಂಡಿದ್ದಳು, ತಮ್ಮನಿಗೆ ಬೇಜಾರಾಗದಿರಲಿ ಎಂದು. ಎರಡು ವರ್ಷ ಕಾದ ದಿನ ಅದು! ನನ್ನ ತೀರ್ಪು ತಪ್ಪೆಂದು ಆಗ ಹೊಳೆಯಿತು. ನಾನು ಭಾಗ ಮಾಡಿದ್ದು ದಿನಗಳನ್ನು. ಹಂಚಿಹೋದದ್ದು ಮಕ್ಕಳ ಸಂತೋಷ, ಇಬ್ಬರಿಗೂ ಅರ್ಧರ್ಧ.

ಆಮೇಲೆ ನನ್ನ ಹೆಂಡತಿ ಅವನನ್ನು ರೈಲು ಹತ್ತಿಸಿದಳು. ಅದಕ್ಕೆ ಎತ್ತರದ ಕಟ್ಟಳೆ ಇಲ್ಲ. ಹೋಗಿ, ಬಂದು, ಮತ್ತೆ ಹೋದರು. ಆ ದಿನ ಅವನು ನಕ್ಕಿದ್ದು ಅಲ್ಲೇ.

ಭಾಗ ಮಾಡಬೇಕಾದದ್ದು ಯಾವುದನ್ನು?

ವಾಪಸು ಬರುವ ದಾರಿಯಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿದೆ. ನಾವು ದಿನಗಳನ್ನಲ್ಲ, ಒಂದು ದಿನದ ಮಟ್ಟಿಗೆ ಸಂಸಾರವನ್ನೇ ಭಾಗ ಮಾಡಬೇಕಿತ್ತು. ಮೂರು ದಿನ ಆರೂ ಜನ ಡಿಸ್ನಿಯಲ್ಲಿ. ಇನ್ನೊಂದು ದಿನ ಅಪ್ಪ, ಮಗಳು ಮಾತ್ರ ಬೆಳಗ್ಗೆಯೇ ಯೂನಿವರ್ಸಲ್‌ಗೆ. ಉಳಿದವರು ಸಿಂಹ ನೋಡಲು. ಹೋಟೆಲು ಒಂದೇ. ಅವಳಿಗೆ ಒಂದು ಪೂರ್ತಿ ದಿನ, ಮನಸ್ಸಿನಲ್ಲಿ ಅಳುಕಿಲ್ಲದೆ. ಅವನಿಗೆ ಗೋಡೆಗೆ ಮುಖ ಮಾಡುವ ಪ್ರಸಂಗವಿಲ್ಲ.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಎರಡೂ ಕಡೆ ಟಿಕೆಟ್ಟಿನ ಪದ್ಧತಿ ಒಂದೇ: ಮೊದಲ ದಿನ ತುಟ್ಟಿ, ದಿನ ಹೆಚ್ಚಿದಂತೆ ದಿನವೊಂದರ ಬೆಲೆ ಇಳಿಯುತ್ತದೆ. ಕಿಲೋ ಲೆಕ್ಕದಲ್ಲಿ ಕೊಂಡರೆ ಒಂದು ದರ, ಮೂಟೆ ಕೊಂಡರೆ ಇನ್ನೊಂದು. ಎರಡು ಕಡೆ ಎರಡೆರಡು ದಿನ ಎಂದರೆ ಎರಡು ಅಂಗಡಿಯಲ್ಲೂ ಚಿಲ್ಲರೆ ದರ ಕೊಟ್ಟ ಹಾಗೆ, ಅದೂ ಆರು ಜನಕ್ಕೆ. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಹತ್ತು ತುಂಬಿದವರಿಗೆ ದೊಡ್ಡವರ ದರ. ಹುಟ್ಟುಹಬ್ಬ ಹತ್ತಿರವಿದ್ದರೆ ಇದನ್ನೂ ಗಮನಿಸಿ.

ಹೋಗುವ ಯೋಚನೆ ಇರುವ ತಂದೆತಾಯಿಗಳು ಮೊದಲು ಮಾಡಬೇಕಾದ ಕೆಲಸ ಟಿಕೆಟ್ ಕೊಳ್ಳುವುದಲ್ಲ, ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಶೂ ಹಾಕಿಸಿ ಎತ್ತರ ಅಳೆಯುವುದು. 97 ಸೆಂಟಿಮೀಟರ್ ಇದ್ದರೆ ಡಿಸ್ನಿಯ ‘ಏಳು ಕುಳ್ಳರ ಗಣಿ’ಯ ಗಾಡಿ ಹತ್ತಬಹುದು. 112 ಇದ್ದರೆ ಡಿಸ್ನಿಯ ದೊಡ್ಡ ಉರುಳುಬಂಡಿಗಳಲ್ಲಿ ಹಲವು. ಯೂನಿವರ್ಸಲ್‌ನಲ್ಲಿ ಹ್ಯಾರಿ ಪಾಟರ್ ಕೋಟೆಯ ಆಟಕ್ಕೆ 122, ವೆಲಾಸಿಕೋಸ್ಟರ್‌ಗೆ 130, ಹಲ್ಕ್ ಉರುಳುಬಂಡಿಗೆ 137. ಈ ಅಂಕಿಗಳ ಪಕ್ಕದಲ್ಲಿ ಮಕ್ಕಳ ಹೆಸರು ಬರೆದರೆ ದಿನಗಳ ಹಂಚಿಕೆ ತಾನಾಗಿಯೇ ಆಗುತ್ತದೆ. ಚಿಕ್ಕ ಮಗು ಹೊರಗುಳಿದಾಗ ಅಪ್ಪ, ಅಮ್ಮ ಮತ್ತೆ ಸಾಲು ನಿಲ್ಲದೆ ಒಬ್ಬರಾದ ಮೇಲೊಬ್ಬರು ಆಡಿ ಬರುವ ಸೌಕರ್ಯ ಎರಡೂ ಕಡೆ ಉಂಟು, ಬಾಗಿಲಲ್ಲಿ ಕೇಳಬೇಕು. 2025ರ ಮೇ 22ರಂದು ಯೂನಿವರ್ಸಲ್ ‘ಎಪಿಕ್ ಯೂನಿವರ್ಸ್’ ಎಂಬ ಇನ್ನೊಂದು ಪಾರ್ಕು ತೆರೆಯಿತು. ಅದು ಹಳೆಯ ಎರಡರ ಪಕ್ಕದಲ್ಲಿಲ್ಲ, ಕೆಲವು ಕಿಲೋಮೀಟರ್ ದೂರ. ಇನ್ನು ಮೇಲೆ ‘ಎರಡೂ ನೋಡೋಣ’ ಎನ್ನುವ ಮುನ್ನ ಇನ್ನಷ್ಟು ಯೋಚಿಸಬೇಕು.

ಇದು ಓರ್ಲಾಂಡೊಗೆ ಹೋಗುವವರಿಗೆ ಮಾತ್ರ ಹೇಳಿದ ಮಾತಲ್ಲ. ಬಿಡದಿಯ ಪಾರ್ಕು, ಮೈಸೂರಿನ ಅರಮನೆ, ಮೃಗಾಲಯ, ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದ ಶಾಲಾ ಪ್ರವಾಸಗಳನ್ನು ನಾನೇ ನಡೆಸಿದ್ದೇನೆ. ಮಕ್ಕಳು ಹೆಚ್ಚು ಹೊತ್ತು ನೋಡಿದ್ದು ಬಸ್ಸಿನ ಕಿಟಕಿಯನ್ನು. ಈಗ ಒಂದು ಜಾಗವನ್ನು ಬಿಟ್ಟುಬಿಡುವ ಧೈರ್ಯ ಬಂದಿದೆ.

ಎರಡು ವರ್ಷದ ಮೇಲೆ ಒಂದು ದಿನ ಬೆಳಗ್ಗೆ ಅಟ್ಲಾಂಟಾದಿಂದ ಫೋನು. “ತಾತ, ನೂರ ಹದಿನೆಂಟು!” ಎಂದ ಮೊಮ್ಮಗ, ಬೇರೆ ಪೀಠಿಕೆಯಿಲ್ಲದೆ. ಗ್ರಿಂಗಾಟ್ಸ್ ಬ್ಯಾಂಕಿನ ಬಾಗಿಲು ಅವನಿಗೀಗ ತೆರೆದಿದೆ. ಮತ್ತೆ ಹೋಗುವುದಾದರೆ ಎಲ್ಲಿ ಎಷ್ಟು ದಿನ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಅಕ್ಕನ್ನ ಕೇಳಿ ಹೇಳ್ತೀನಿ ತಾತ. ಆದ್ರೆ ಸಿಂಹಕ್ಕೆ ಒಂದು ದಿನ ಬೇಕೇ ಬೇಕು.”